ಎಲೆ ಹಳದಿಯಾಗುವ ತನಕ

ಮಾರ್ಚ್ 6

ಪುಟ್ಟಿಗೆ,

ಇಲ್ಲಿ ನಾನು ಇದ್ದೇನೆ. ಅಲ್ಲಿ ನೀನೂ ಇದ್ದೀಯ ಎಂದುಕೊಂಡಿದ್ದೇನೆ. ತಲುಪಿದ ತಕ್ಷಣ ಕಾಗದ ಹಾಕು ಎಂದು ಬಾಗಿಲಲ್ಲಿ ನಿಂತು ಹೇಳಿದ್ದೆ, ಹಾಕಿಲ್ಲ. ಫೋನ್ ಮಾತ್ರ ಮಾಡಬೇಡ. ಫೋನಿನಲ್ಲಿ ನಾನು ಕಿರುಚುತ್ತೇನೆ, ನೀನು ಅಳುತ್ತೀಯ, ಆಮೇಲೆ ಇಬ್ಬರಿಗೂ ತಲೆನೋವು. ಬರೆ.

ನೀನು ಹೋದದ್ದು ನನಗೆ ಒಪ್ಪಿಗೆಯಿಲ್ಲ. ಅದನ್ನು ಮುಖಕ್ಕೇ ಹೇಳಿದ್ದೇನೆ, ಮತ್ತೆ ಬರೆಯುವುದಿಲ್ಲ. ಆದರೂ ಬರೆಯುತ್ತೇನೆ. ಹೇಳದೆ ಕೇಳದೆ ಬಿಟ್ಟು ಹೋದ ಗಂಡ ಲಕ್ವ ಹೊಡೆದು ಬಿದ್ದಿದ್ದಾನೆ ಎಂದು ಯಾರೋ ತಿಳಿಸಿದರೆ, ಹನ್ನೆರಡು ವರ್ಷದ ಮೇಲೆ ಪೆಟ್ಟಿಗೆ ಹಿಡಿದು ಹೊರಟವಳು ಈ ಭೂಮಿಯ ಮೇಲೆ ನೀನೊಬ್ಬಳೇ ಇರಬೇಕು. "ಒಂದೇ ತಿಂಗಳು ಅಕ್ಕ, ಅವರು ಎದ್ದು ಕೂತ ಮೇಲೆ ಬಂದುಬಿಡ್ತೀನಿ" ಅಂದೆ. ತಿಂಗಳು ಅಂದರೆ ತಿಂಗಳು. ನೆನಪಿರಲಿ.

ನಿನ್ನ ಈರುಳ್ಳಿಗಳೆಲ್ಲ ಹೂ ಬಿಟ್ಟಿವೆ. ಕ್ರೋಕಸ್ ಎಂದು ನೀನು ನೂರು ಸಲ ಹೇಳಿಕೊಟ್ಟರೂ ನನಗೆ ಅವು ಈರುಳ್ಳಿಯೇ. ಗಡ್ಡೆ ನೋಡಿದರೆ ಸಣ್ಣ ಈರುಳ್ಳಿ, ನೆಟ್ಟರೆ ಬೆರಳುದ್ದದ ಹೂ. ಇಷ್ಟಕ್ಕೋಸ್ಕರ ನೀನು ಚಳಿಯಲ್ಲಿ ಮಂಡಿಯೂರಿ ಕೂರುತ್ತಿದ್ದೆ. ಹೇಗಿವೆ ಎಂದು ಕೇಳಬೇಡ. ಹೂ ಹೂವಿನ ಹಾಗಿವೆ. ಗುಬ್ಬಿಗಳು ಹಳದಿಯವನ್ನು ಮಾತ್ರ ಕೊಕ್ಕಿನಲ್ಲಿ ಹರಿದು ಹಾಕುತ್ತಿವೆ, ಬಿಳಿ ನೇರಳೆ ಯಾವುದನ್ನೂ ಮುಟ್ಟುವುದಿಲ್ಲ. ಅವಕ್ಕೆ ಹಳದಿಯ ಮೇಲೆ ಏನು ಕೋಪವೋ. ಬಾಗಿಲಲ್ಲಿ ಕೂತು ಕೋಟಿನ ಜಿಪ್ ಬದಲಿಸುತ್ತಾ ಗುಬ್ಬಿ ಓಡಿಸುವುದೂ ಈಗ ನನ್ನ ಕೆಲಸಕ್ಕೆ ಸೇರಿದೆ.

ಇಬ್ಬರಿಗೆ ಬೇಯಿಸಿ ರೂಢಿಯಾದ ಕೈ, ಒಬ್ಬಳಿಗೆ ಎಂದರೆ ಅಂದಾಜು ಸಿಗುತ್ತಿಲ್ಲ. ನಿನ್ನೆಯದನ್ನೇ ಇವತ್ತೂ ತಿಂದೆ.

ಅಕ್ಕ


ಮಾರ್ಚ್ 21

ಅಕ್ಕನಿಗೆ,

ತಡವಾಯಿತು, ಬೈಯಬೇಡ. ಬಂದ ದಿನವೇ ಬರೆಯಲು ಕೂತೆ. ಎರಡು ಸಾಲು ಬರೆಯುವಷ್ಟರಲ್ಲಿ ನಿದ್ದೆ ಹೋದೆ.

ಲಾರಿ ಗ್ಯಾರೇಜಿನ ಹಿಂದೆ ಒಂದು ಕೋಣೆ. ಕಿಟಕಿ ತೆಗೆದರೆ ಎದುರಿಗೆ ಗೋಡೆ. ಆಸ್ಪತ್ರೆಯವರು ಇನ್ನು ನಮ್ಮ ಕೈಲಿ ಆಗುವುದೇನಿಲ್ಲ ಎಂದು ಕಳಿಸಿದ ಮೇಲೆ ಇವರನ್ನು ಗ್ಯಾರೇಜಿನವರೇ ಸರದಿಯ ಮೇಲೆ ನೋಡಿಕೊಂಡಿದ್ದಾರೆ. ಬಲಗೈ, ಬಲಗಾಲು ಎರಡೂ ಹೋಗಿವೆ. ಮಾತು ಇಲ್ಲ. ನಾನು ಒಳಗೆ ಬಂದಾಗ ಮುಖ ಗೋಡೆಯ ಕಡೆ ಇತ್ತು. ನಾಚಿಕೆಯಿಂದ ತಿರುಗಿಸಿಕೊಂಡಿದ್ದಾರೆ ಅಂದುಕೊಂಡೆ. ಆಮೇಲೆ ಗೊತ್ತಾಯಿತು, ಯಾರೋ ಹಾಗೆ ಮಲಗಿಸಿ ಹೋಗಿದ್ದರು ಅಷ್ಟೇ.

ಮಗ್ಗುಲು ಬದಲಿಸುವುದು, ಒರೆಸುವುದು, ಗಂಜಿ ಕುಡಿಸುವುದು. ಸೊಂಟ ಬಿದ್ದುಹೋಗುತ್ತದೆ. ಬೇರೆ ಬರೆಯುವಂಥದ್ದೇನಿಲ್ಲ.

ಹೂ ಬಿಟ್ಟ ಹೊತ್ತಿಗೇ ಹೊರಡಬೇಕಾಯಿತಲ್ಲ ಎಂದು ಆಗಾಗ ಅನ್ನಿಸುತ್ತದೆ. ನೀರು ಜಾಸ್ತಿ ಹಾಕಬೇಡ. ಹೂ ಬಾಡಿದ ಮೇಲೆ ಅವುಗಳ ಪಾಡಿಗೆ ಬಿಟ್ಟುಬಿಡು, ಏನೂ ಮಾಡಬೇಡ.

ನಿನ್ನ
ಪುಟ್ಟಿ


ಏಪ್ರಿಲ್ 4

ಪುಟ್ಟಿಗೆ,

ಏನೂ ಮಾಡಬೇಡ ಅಂದರೆ ಏನೇ ಅರ್ಥ? ನಾನು ಏನೂ ಮಾಡದೆ ಕೂತದ್ದನ್ನು ನೀನು ಯಾವಾಗ ನೋಡಿದ್ದೀಯ?

ಹೂ ಬಾಡಿತು, ಸರಿ. ಆಮೇಲೆ ಎಲೆ ಬೆಳೆಯಲು ಶುರುವಾಯಿತು ನೋಡು. ಹುಲ್ಲಿನಂಥ ಎಲೆ, ನಡುವೆ ಒಂದು ಬಿಳಿ ಗೆರೆ. ಉದ್ದವಾಗಿ ಬೆಳೆದು ಬೆಳೆದು ಒಂದು ಆ ಕಡೆ, ಒಂದು ಈ ಕಡೆ, ಮೆಟ್ಟಿಲ ಮೇಲೂ ಎರಡು ಮಲಗಿದವು. ಬಾಗಿಲು ತೆರೆದಾಗಲೆಲ್ಲ ಎಳೆ ನೇತಾಡುವ ಬಟ್ಟೆ ಕಂಡ ಹಾಗೆ ಆಗುತ್ತಿತ್ತು. ಹೊಲಿಗೆ ಕಾರ್ಖಾನೆಯಲ್ಲಿ ನನ್ನ ಮೊದಲ ಕೆಲಸವೇ ಎಳೆ ಕತ್ತರಿಸುವುದು. ಒಂದು ಎಳೆ ನೇತಾಡಿದರೂ ಮೇಲ್ವಿಚಾರಕಿ ಇಡೀ ಕಟ್ಟನ್ನು ನನ್ನ ಮುಖದ ಮೇಲೆ ಎಸೆಯುತ್ತಿದ್ದಳು. ಆ ಕಣ್ಣು ಈಗ ಎಲ್ಲಿಗೆ ಹೋಗುತ್ತದೆ?

ನಿನ್ನೆ ಮಧ್ಯಾಹ್ನ ದೊಡ್ಡ ಕತ್ತರಿ ತೆಗೆದುಕೊಂಡು ಮುಂದಿನ ಸಾಲಿನಿಂದ ಹಿಂದಿನ ಸಾಲಿನ ತನಕ ಎಲ್ಲವನ್ನೂ ನೆಲದ ಮಟ್ಟಕ್ಕೆ ಸಮ ಮಾಡಿದೆ. ಒಂದೇ ಒಂದು ಬಿಟ್ಟಿಲ್ಲ. ಪಕ್ಕದ ಮನೆಯ ಕ್ಷೌರಿಕ ಬೇಲಿಯಾಚೆ ನಿಂತು ನೋಡುತ್ತಿದ್ದ. "ಅಕ್ಕಾ, ಮಿಷನ್ ಕಟ್ ಹೊಡೆದ್ರಲ್ಲ. ನನ್ನ ಹೊಟ್ಟೆ ಮೇಲೆ ಹೊಡೀಬೇಡಿ" ಅಂದ. "ನಿನ್ನ ತಲೆನೂ ಕೊಡು, ಸಮ ಮಾಡ್ತೀನಿ" ಅಂದೆ. ಒಳಗೆ ಹೋದ.

ಈಗ ಹೂವಿನ ಮಡಿ ನೋಡಲು ಎಷ್ಟು ಚೊಕ್ಕವಾಗಿದೆ ಅಂದರೆ, ನೀನಿದ್ದಾಗಲೂ ಹೀಗಿರಲಿಲ್ಲ.

ತಿಂಗಳು ಆಯಿತು. ಯಾವಾಗ ಬರುತ್ತೀಯ?

ಅಕ್ಕ


ಏಪ್ರಿಲ್ 20

ಅಕ್ಕನಿಗೆ,

ಎಲೆ ಕತ್ತರಿಸಿದ್ದನ್ನು ಓದಿದೆ. ಎರಡು ಸಲ ಓದಿದೆ. ನಿನ್ನ ಕೈ ಸುಮ್ಮನಿರುವುದಿಲ್ಲ ಎಂದು ನನಗೆ ಗೊತ್ತಿಲ್ಲವೇ. ಇರಲಿ ಬಿಡು. ಮಡಿ ಚೊಕ್ಕವಾಗಿದೆಯಲ್ಲ, ಅಷ್ಟು ಸಾಕು.

ಇವರು ಬೆನ್ನಿಗೆ ದಿಂಬು ಒತ್ತುಕೊಟ್ಟರೆ ಕೂರುತ್ತಾರೆ. ಊರುಗೋಲು ಹಿಡಿದು ಒಮ್ಮೆ ನಿಂತುಬಿಟ್ಟರೆ ಗ್ಯಾರೇಜಿನವರಿಗೆ ಒಪ್ಪಿಸಿ ಬರಬಹುದು. ಇನ್ನೊಂದು ತಿಂಗಳು ಕೊಡು.

ಗ್ಯಾರೇಜಿನವರ ಮೇಲಂಗಿಗಳನ್ನು ಒಗೆದುಕೊಡುತ್ತಿದ್ದೇನೆ. ಎಂಥ ಜಿಡ್ಡು ಗೊತ್ತಾ, ಕೈ ನನ್ನದು ಎಂದೇ ಅನ್ನಿಸುವುದಿಲ್ಲ. ನಿನ್ನ ಕಾಗದ ಬಂದ ದಿನ ಸ್ವಲ್ಪ ಹಗುರಾಗುತ್ತದೆ. ಬೈದಾದರೂ ಬರೆ.

ನಿನ್ನ
ಪುಟ್ಟಿ


ಜುಲೈ 2

ಪುಟ್ಟಿಗೆ,

ಎದ್ದು ಕೂತ ಮೇಲೆ ಬರುತ್ತೇನೆ ಅಂದಿದ್ದೆ. ಕೂತಿದ್ದಾನೆ ಎಂದು ನೀನೇ ಬರೆದೆ. ಈಗ ನಿಲ್ಲಬೇಕಂತೆ. ನಿಂತ ಮೇಲೆ ನಡೆಯಬೇಕು ಅನ್ನುತ್ತೀಯ. ನಡೆಯಲು ಬಂದ ಕೂಡಲೇ ಆ ಮಹಾಶಯ ಮತ್ತೆ ಓಡಿಹೋಗುತ್ತಾನೆ, ಆಗ ನೀನು ಬರುತ್ತೀಯ. ಅಲ್ಲಿಯ ತನಕ ನಾನು ಬಾಗಿಲು ಕಾಯುತ್ತಾ ಇರಬೇಕು.

ಬೈದಾದರೂ ಬರೆ ಅಂದಿದ್ದೀಯ, ತಗೋ. ಆ ಡ್ರೈವರನಿಗೆ ಹೋಗುವ ದಾರಿಗಳೆಲ್ಲ ಗೊತ್ತಿದ್ದವು, ಮನೆಗೆ ಬರುವ ದಾರಿ ಒಂದೇ ಗೊತ್ತಿರಲಿಲ್ಲ. ಸಾವಿರ ಮೈಲಿ ಲಾರಿ ಓಡಿಸಿದವನಿಗೆ ಒಂದು ಅಂಚೆ ಡಬ್ಬಿ ಸಿಗಲಿಲ್ಲವೇ? ಕೈ ಎರಡೂ ಸರಿಯಿದ್ದಾಗ ಬರೆಯದವನು, ಈಗ ಒಂದು ಕೈ ಬಿದ್ದ ಮೇಲೆ ಊರವರ ಕೈಲಿ ಬರೆಸಿ ಕರೆಸಿಕೊಂಡ. ಅವನು ಹೋದಾಗ ನೀನು ಈ ಮನೆಗೆ ಬಂದ ದಿನ ನೆನಪಿದೆಯಾ? ಚಪ್ಪಲಿ ಬಿಚ್ಚಲೂ ಮರೆತು ನೇರ ಬಂದು ಹೊಲಿಗೆ ಯಂತ್ರದ ಪಕ್ಕ ಕೂತೆ. ಮೂರು ದಿನ ಮಾತಿಲ್ಲ. ಕಡೆಗೆ ಎಲ್ಲಿಂದಲೋ ಆ ಗಡ್ಡೆಗಳ ಪೊಟ್ಟಣ ತಂದು "ಮೆಟ್ಟಿಲ ಪಕ್ಕ ನೆಡಲಾ ಅಕ್ಕ?" ಅಂದೆ. ನೆಡು, ಮಾತಾಡಿದೆಯಲ್ಲ, ಏನು ಬೇಕಾದರೂ ನೆಡು ಅಂದೆ.

ನಾನು ನಾಲ್ಕನೇ ತರಗತಿ ಬಾಗಿಲಲ್ಲಿ ನಿನ್ನನ್ನು ಸೊಂಟದ ಮೇಲೆ ಹೊತ್ತು ನಿಂತಾಗ ಮೇಷ್ಟ್ರು "ಇದು ಶಾಲೆ, ತೊಟ್ಟಿಲಲ್ಲ" ಅಂದರು. ಅಲ್ಲಿಗೆ ನನ್ನ ಓದು ಮುಗಿಯಿತು. ಅದಕ್ಕೆ ನಿನ್ನನ್ನು ಯಾವತ್ತೂ ಅಂದಿಲ್ಲ. ಈಗಲೂ ಅನ್ನುತ್ತಿಲ್ಲ. ಹೊತ್ತಾಗ ಭಾರ ಅನ್ನಿಸಿರಲಿಲ್ಲ, ಇಳಿದು ಹೋದ ಮೇಲೆ ಸೊಂಟ ನೋಯುತ್ತಿದೆ, ಅಷ್ಟು ಹೇಳಿದೆ.

ಮಡಿಯಲ್ಲಿ ಈಗ ಏನೂ ಇಲ್ಲ. ಬರೀ ಮಣ್ಣು.

ಅಕ್ಕ


ಅಕ್ಟೋಬರ್ 11

ಪುಟ್ಟಿಗೆ,

ಜುಲೈನಲ್ಲಿ ಬರೆದದ್ದಕ್ಕೆ ಉತ್ತರವಿಲ್ಲ. ಸಿಟ್ಟು ಬಂದಿದ್ದರೆ ಸಿಟ್ಟು ಬಂದಿದೆ ಎಂದು ಬರೆ. ಸತ್ತಿದ್ದೀರೋ ಬದುಕಿದ್ದೀರೋ ಎಂದು ಯಾರನ್ನು ಕೇಳಲಿ?

ಇಲ್ಲಿ ಮಳೆ ಶುರುವಾಗಿದೆ. ಮೆಟ್ಟಿಲ ಮೇಲೆ ಕಾಲು ಸ್ವಲ್ಪ ಜಾರಿತು. ಏನೂ ಆಗಿಲ್ಲ. ದೊಡ್ಡ ಹೊಲಿಗೆಗಳನ್ನು ಸದ್ಯಕ್ಕೆ ತೆಗೆದುಕೊಳ್ಳುತ್ತಿಲ್ಲ. ಗುಂಡಿ ಹಾಕುವುದು, ಅಂಚು ಮಡಿಸುವುದು ಇಂಥವೇ. ಅವೂ ಬೇಗ ಸಾಕಾಗುತ್ತವೆ.

ಇಲಿ ಮಡಿಯನ್ನು ಕೆದಕುತ್ತಿದೆ. ಮೇಲೆ ಹಳೆಯ ತಂತಿ ಬಲೆ ಹಾಸಿ ನಾಲ್ಕು ಕಲ್ಲು ಇಟ್ಟಿದ್ದೇನೆ. ಸರಿಯೋ ತಪ್ಪೋ ನೀನು ಹೇಳಬೇಕು.

ಅಕ್ಕ


ನವೆಂಬರ್ 9

ಅಕ್ಕನಿಗೆ,

ಸಿಟ್ಟಿಲ್ಲ. ಬರೆಯಲು ಕೂತಾಗಲೆಲ್ಲ ಯಾವಾಗ ಬರುತ್ತೀಯ ಎಂಬ ನಿನ್ನ ಮಾತು ಎದುರಿಗೆ ಬರುತ್ತಿತ್ತು. ಅದಕ್ಕೆ ಉತ್ತರ ಗೊತ್ತಿರಲಿಲ್ಲ. ಬೇರೇನಾದರೂ ಬರೆದರೆ ಅದು ಬರೆದ ಹಾಗಾಗುವುದಿಲ್ಲ ಎಂದು ಮಡಿಚಿಡುತ್ತಿದ್ದೆ.

ಇವರು ನಿಲ್ಲಲಿಲ್ಲ. ಇನ್ನು ನಿಲ್ಲುವುದಿಲ್ಲ ಎಂದು ವೈದ್ಯರು ಹೇಳಿದರು. ಗಾಲಿಕುರ್ಚಿ ಒಂದನ್ನು ಗ್ಯಾರೇಜಿನವರೇ ಎಲ್ಲಿಂದಲೋ ತಂದು, ಚಕ್ರಕ್ಕೆ ಗ್ರೀಸ್ ಹಚ್ಚಿ ಕೊಟ್ಟರು. ಕುರ್ಚಿಯಲ್ಲಿ ಕೂರಿಸಿ ಲಾರಿಗಳ ಮುಂದೆ ತಂದು ಬಿಡುತ್ತೇನೆ, ಅದನ್ನೇ ನೋಡುತ್ತಾ ಕೂರುತ್ತಾರೆ.

ಕಾಲು ಸ್ವಲ್ಪ ಜಾರಿತು ಎಂದು ಬರೆದಿದ್ದೀಯ. ಎಷ್ಟು ಸ್ವಲ್ಪ?

ತಂತಿ ಬಲೆ ಹಾಕಿದ್ದು ಒಳ್ಳೆಯದಾಯಿತು. ಆದರೆ ಗಡ್ಡೆಗಳಿಗಾಗಿ ಅಷ್ಟೆಲ್ಲ ಒದ್ದಾಡಬೇಡ ಅಕ್ಕ. ಈ ಸಲ ಹೂ ಬರದಿದ್ದರೂ ಪರವಾಗಿಲ್ಲ.

ನಿನ್ನ
ಪುಟ್ಟಿ


ಡಿಸೆಂಬರ್ 1

ಪುಟ್ಟಿಗೆ,

ಹೂ ಬರದಿದ್ದರೂ ಪರವಾಗಿಲ್ಲ ಅಂದೆಯಲ್ಲ, ಅರ್ಥವಾಯಿತು. ಅಷ್ಟು ದೊಡ್ಡ ಕಾಗದದಲ್ಲಿ ಅದೊಂದೇ ಸಾಲು ನನಗಾಗಿ ಬರೆದದ್ದು. ಈ ಮನೆಯ ಋಣ ಮುಗಿಯಿತು ಎಂದು ನೇರವಾಗಿ ಹೇಳಲು ಬಾಯಿ ಬರಲಿಲ್ಲ, ಹೂವಿನ ಮೇಲೆ ಹಾಕಿ ಹೇಳಿದೆ.

ವರ್ಷವೆಲ್ಲ ಆ ಮಣ್ಣಿನಲ್ಲಿ ಏನೂ ಇಲ್ಲದಾಗಲೂ ದಿನಕ್ಕೆರಡು ಸಲ ಹೋಗಿ ನೋಡುತ್ತಿದ್ದವಳು ನೀನು. "ಏನೇ ನೋಡ್ತೀಯ, ಅಲ್ಲೇನಿದೆ?" ಅಂತ ನಾನು ಕೇಳಿದರೆ "ಇದೆ ಅಕ್ಕ, ಒಳಗಿದೆ" ಅನ್ನುತ್ತಿದ್ದೆ. ಅಂಥವಳಿಗೆ ಪರವಾಗಿಲ್ಲ ಎಂದರೆ ಇನ್ನೇನು ಉಳಿಯಿತು? ಅವನು ನಿಲ್ಲುವುದಿಲ್ಲ ಅಂದಮೇಲೆ ನೀನು ಬರುವುದಿಲ್ಲ. ಲೆಕ್ಕ ನನಗೂ ಬರುತ್ತದೆ, ನಾಲ್ಕನೇ ತರಗತಿಯ ತನಕ ಕಲಿತಿದ್ದೇನೆ.

ನಿನ್ನ ಹಾಸಿಗೆ ಸುತ್ತಿ ಅಟ್ಟಕ್ಕೆ ಹಾಕಬೇಕು ಅಂದುಕೊಂಡೆ. ಅಟ್ಟ ಹತ್ತಲು ಆಗಲಿಲ್ಲ. ಅಲ್ಲೇ ಇದೆ.

ಇನ್ನು ಬರೆಯುವ ತೊಂದರೆ ತೆಗೆದುಕೊಳ್ಳಬೇಡ. ಹಿಮ ಬೀಳುವ ಮುಂಚೆ ಮಡಿಗೆ ಒಣ ಎಲೆ ಹೊದಿಸಬೇಕೋ ಬೇಡವೋ, ಅದೊಂದನ್ನು ಮಾತ್ರ ತಿಳಿಸು.

ಅಕ್ಕ


ಡಿಸೆಂಬರ್ 16

ಅಕ್ಕನಿಗೆ,

ಹೊದಿಸು. ತೆಳ್ಳಗೆ.

ಉಳಿದದ್ದಕ್ಕೆ ಏನು ಬರೆಯಲಿ? ನೀನು ಅಂದುಕೊಂಡ ಹಾಗಲ್ಲ. ಆದರೆ ಹೇಗೆ ಅಂತ ಹೇಳಲು ಈಗ ನನಗೆ ಶಕ್ತಿಯಿಲ್ಲ.

ಪುಟ್ಟಿ


ಮಾರ್ಚ್ 8

ಪುಟ್ಟಿಗೆ,

ನಿನ್ನ ಹೂಗಳು ಬಿಟ್ಟಿವೆ. ಹೋದ ವರ್ಷಕ್ಕಿಂತ ಜೋರಾಗಿ ಬಿಟ್ಟಿವೆ. ನೇರಳೆ ಎಂದರೆ ಅಂಥಿಂಥ ನೇರಳೆಯಲ್ಲ, ಮದುವೆ ಬಟ್ಟೆಗೆಂದು ತರುವ ರೇಷ್ಮೆ ನೂಲು ಇರುತ್ತದಲ್ಲ, ಹಾಗೆ. ಬಿಳಿಯವು ಇಸ್ತ್ರಿ ಮಾಡಿದ ಅಂಗಿ ಕಾಲರಿನ ಹಾಗೆ ನೆಟ್ಟಗೆ ನಿಂತಿವೆ. ಹಳದಿಯವನ್ನು ಈ ಸಲ ಗುಬ್ಬಿಗಳೂ ಮುಟ್ಟಿಲ್ಲ. ಬೆಳಗ್ಗೆ ಬಿಸಿಲು ಬಿದ್ದರೆ ಎಲ್ಲ ಒಟ್ಟಿಗೆ ಬಾಯಿ ತೆರೆಯುತ್ತವೆ, ಸಂಜೆ ಒಟ್ಟಿಗೆ ಮುಚ್ಚುತ್ತವೆ. ದಾರಿಯಲ್ಲಿ ಹೋಗುವವರೆಲ್ಲ ಒಂದು ಗಳಿಗೆ ನಿಂತು ನೋಡಿ ಹೋಗುತ್ತಾರೆ. ಕ್ಷೌರಿಕನ ಹೆಂಡತಿ ನಿನ್ನನ್ನು ಕೇಳಿದಳು.

ಇನ್ನೂ ಒಂದು ವಾರ ಇರಬಹುದು. ಆ ಗ್ಯಾರೇಜಿನವರು ಒಳ್ಳೆಯವರು ಅನ್ನುತ್ತೀಯಲ್ಲ, ಎರಡು ದಿನ ಅವರಿಗೆ ಒಪ್ಪಿಸಿ ಬಂದು ನೋಡಿಕೊಂಡು ಹೋಗು. ಹೂ ಬಾಡಿದ ಮೇಲೆ ಬಂದು ಏನು ಪ್ರಯೋಜನ?

ಅಕ್ಕ


ಮಾರ್ಚ್ 24

ಅಕ್ಕನಿಗೆ,

ನಿನ್ನ ಕಾಗದ ಓದಿ ನನಗೆ ಹೆದರಿಕೆಯಾಯಿತು.

ಹೂ ಬಿಟ್ಟಿಲ್ಲ ಅಕ್ಕ. ಬಿಡಲು ಸಾಧ್ಯವೇ ಇಲ್ಲ. ಹೂ ಬಾಡಿದ ಮೇಲೆ ಬೆಳೆಯುತ್ತವಲ್ಲ ಆ ಎಲೆಗಳು, ಅವೇ ಬಿಸಿಲು ಕುಡಿದು ಗಡ್ಡೆಗೆ ಊಟ ಹಾಕುವುದು. ತಾವಾಗಿ ಹಳದಿಯಾಗಿ ಒಣಗುವ ತನಕ ಅವನ್ನು ಮುಟ್ಟಬಾರದು. ಹಸಿರಿರುವಾಗಲೇ ಕತ್ತರಿಸಿದರೆ ಗಡ್ಡೆ ಉಪವಾಸ ಬೀಳುತ್ತದೆ. ಮುಂದಿನ ವರ್ಷ ಬರೀ ಎಲೆ ಬರುತ್ತದೆ, ಹೂ ಬರುವುದಿಲ್ಲ. ನೀನು ಕತ್ತರಿಸಿದೆ ಎಂದು ಬರೆದ ದಿನವೇ ನನಗೆ ಗೊತ್ತಿತ್ತು. ಹೇಳಿದ್ದರೆ ನೀನು ವರ್ಷವೆಲ್ಲ ಆ ಮಡಿಯ ಮುಂದೆ ನಿನ್ನನ್ನು ನೀನೇ ಬೈದುಕೊಂಡು ಓಡಾಡುತ್ತಿದ್ದೆ. ಬೇಡ ಎಂದು ಸುಮ್ಮನಾದೆ. ಹೂ ಬರದಿದ್ದರೂ ಪರವಾಗಿಲ್ಲ ಎಂದು ಬರೆದದ್ದು ಅದಕ್ಕೇ. ನೀನು ಬೇಜಾರು ಮಾಡಿಕೊಳ್ಳಬಾರದು ಎಂದು ಬರೆದೆ. ನೀನು ಅದರಿಂದಲೇ ಬೇಜಾರು ಮಾಡಿಕೊಂಡೆ.

ಗೊತ್ತಿಲ್ಲದಿದ್ದರೂ ಅನುಮಾನ ಬರುತ್ತಿತ್ತು. ನಿಜವಾಗಿ ಹೂ ಬಿಟ್ಟಿದ್ದರೆ ನೀನು ಬರೆಯುತ್ತಿದ್ದುದು ಒಂದೇ ಸಾಲು: ಬಿಟ್ಟಿವೆ. ರೇಷ್ಮೆ ನೂಲು, ಅಂಗಿ ಕಾಲರು, ಇವೆಲ್ಲ ನಿನ್ನ ಬಾಯಲ್ಲಿ ಬರುವ ಮಾತಾ?

ನಾನು ಕಂಡಂತೆ ನೀನು ಇದುವರೆಗೆ ಸುಳ್ಳು ಹೇಳಿಲ್ಲ. ನನ್ನ ಮದುವೆಯ ದಿನ ಇವರ ಎದುರಿಗೇ "ನಿನ್ನ ಮುಖ ನೋಡಿದ್ರೆ ನನಗೆ ನಂಬಿಕೆ ಬರಲ್ಲ ಕಣಯ್ಯ" ಅಂದವಳು. ಅಂಥವಳು ಇಷ್ಟುದ್ದ ಸುಳ್ಳು ಬರೆದಿದ್ದೀಯ. ಅಲ್ಲಿ ಏನೋ ಸರಿಯಿಲ್ಲ. ಕಾಲು ಸ್ವಲ್ಪ ಜಾರಿದ್ದು ಸ್ವಲ್ಪವಲ್ಲ ಎಂದು ಕಾಣುತ್ತದೆ.

ನಾನು ಬರುತ್ತೇನೆ. ಆದರೆ ಒಬ್ಬಳೇ ಬರಲಾಗುವುದಿಲ್ಲ. ಇವರನ್ನೂ ಕರೆದುಕೊಂಡು ಬರಬೇಕು. ಎರಡು ದಿನಕ್ಕಲ್ಲ, ಇರಲು. ಇವರನ್ನು ಕಂಡರೆ ನನಗೆ ಪ್ರೀತಿ ಉಕ್ಕುತ್ತಿದೆ ಎಂದುಕೊಳ್ಳಬೇಡ. ಒಮ್ಮೊಮ್ಮೆ ರಾಶಿ ಬಟ್ಟೆ ಒಗೆಯುವಾಗ, ಎದ್ದು ಹೋಗಿಬಿಡಲಾ ಅನ್ನಿಸುತ್ತದೆ. ಹಾಗೆ ಎದ್ದು ಹೋದವರು ಇವರು. ನಾನೂ ಹೋದರೆ ಇಬ್ಬರೂ ಒಂದೇ ಆದೆವು.

ಇನ್ನೊಂದು ವಿಷಯ ನಿನಗೆ ಹೇಳಿಲ್ಲ. ನಿನ್ನ ಕಾಗದಗಳನ್ನು ಇವರಿಗೆ ಓದಿ ಹೇಳುತ್ತೇನೆ. ಮೊದಲ ಸಲ, ಕೇಳಿ ನಾಚಿಕೆಯಾಗಲಿ ಎಂದೇ ಓದಿದೆ. ಹೋಗುವ ದಾರಿ ಗೊತ್ತಿತ್ತು, ಬರುವ ದಾರಿ ಗೊತ್ತಿರಲಿಲ್ಲ ಎಂದು ಬರೆದಿದ್ದೆಯಲ್ಲ, ಅಲ್ಲಿಗೆ ಬಂದಾಗ ಎಡಗಡೆಯ ತುಟಿ ಮೇಲಕ್ಕೆ ಹೋಯಿತು. ನಕ್ಕರು. ಅಷ್ಟು ತಿಂಗಳಲ್ಲಿ ಅದೇ ಮೊದಲು. ಆಮೇಲೆ ಕಣ್ಣಲ್ಲಿ ನೀರು ಬಂತು, ಅದೂ ಎಡಗಣ್ಣಲ್ಲಿ ಜಾಸ್ತಿ. ಈಗ ಅಂಚೆಯವನು ಗ್ಯಾರೇಜಿನ ಗೇಟಿಗೆ ಬಂದರೆ ಇವರ ಕಣ್ಣು ಅವನ ಚೀಲದ ಮೇಲೇ. ಒಂದು ದಿನ "ಅತ್... ಅತ್..." ಎಂದು ಏನೋ ಹೇಳಲು ಹೆಣಗಿದರು. ನಿನ್ನನ್ನು ಕತ್ತರಿ ಅತ್ತಿಗೆ ಎಂದು ಕರೆಯುತ್ತಿದ್ದರಲ್ಲ, ಅದೇ ಇರಬೇಕು.

ಮನೆ ನಿನ್ನದು, ದುಡಿದು ಕಟ್ಟಿಸಿದವಳು ನೀನು. ಬೇಡ ಎಂದರೆ ಬೇಡ. ಬರೆಯಲು ಕಷ್ಟಪಡಬೇಡ, ಒಂದೇ ಸಾಲು ಸಾಕು. ನೀನು ಒಂದು ಸಾಲಿನಲ್ಲಿ ಬರೆದದ್ದನ್ನು ನಾನು ನಂಬುತ್ತೇನೆ.

ನಿನ್ನ
ಪುಟ್ಟಿ


ಏಪ್ರಿಲ್ 7

ಪುಟ್ಟಿಗೆ,

ನೀನು ಹೇಳಿದ ಹಾಗೆ ಬರೀ ಎಲೆ ಬಂದಿದೆ. "ಕೂದಲು ಸೊಂಪಾಗಿ ಬೆಳೆದಿದೆ ಅಕ್ಕಾ, ಮುಖ ಎಲ್ಲಿ?" ಎಂದು ಕ್ಷೌರಿಕ ಬೇಲಿಯಾಚೆಯಿಂದ ಕೇಳಿದ. ನೀರು ಹೆಚ್ಚಾಯಿತೋ, ಕಡಿಮೆಯಾಯಿತೋ, ಹೊದಿಸಿದ ಎಲೆ ದಪ್ಪವಾಯಿತೋ ಎಂದು ನಾನು ತಲೆ ಕೆಡಿಸಿಕೊಂಡಿದ್ದೆ. ಕತ್ತರಿ ಎಂದು ತಲೆಗೆ ಹೊಳೆಯಲಿಲ್ಲ. ಒಂದು ಮಾತು ಮೊದಲೇ ಹೇಳಲು ನಿನಗೇನಾಗಿತ್ತು? ನಾನು ಬೇಜಾರು ಮಾಡಿಕೊಳ್ಳುತ್ತೇನಂತೆ. ನಾನೇನು ಗಾಜಿನ ಬಳೆಯಾ?

ನೀನು ಬಂದಿದ್ದರೆ ನಾನು ಏನು ತೋರಿಸುತ್ತಿದ್ದೆ ಎಂದು ಕೇಳಿಲ್ಲ, ಆದರೂ ಹೇಳುತ್ತೇನೆ. ಬಂದ ಮೇಲೆ ನೋಡಿಕೊಂಡರಾಯಿತು ಎಂದುಕೊಂಡಿದ್ದೆ. ಬಂದವಳು ಹೂ ಇಲ್ಲ ಎಂದು ಮೆಟ್ಟಿಲಿನಿಂದಲೇ ವಾಪಸ್ ಹೋಗುತ್ತಿದ್ದೆಯಾ?

ಕಾಲು ಜಾರಿದ್ದು ಸ್ವಲ್ಪವಲ್ಲ. ಮೂರು ಮೆಟ್ಟಿಲನ್ನೂ ಕೂತುಕೊಂಡೇ ಇಳಿದೆ ಎನ್ನು. ಕ್ಷೌರಿಕ, ಅವನ ಹೆಂಡತಿ ಇಬ್ಬರೂ ಸೇರಿ ಎತ್ತಿ ಒಳಗೆ ತಂದರು. ಈಗ ಗೋಡೆ ಹಿಡಿದು ಓಡಾಡುತ್ತೇನೆ. ಹೊರಗಿನ ಕೆಲಸ ಇದ್ದರೆ ಒಂದು ದಿನ ಮುಂಚಿನಿಂದಲೇ ಸಾಕಪ್ಪಾ ಅನ್ನಿಸುತ್ತದೆ.

ಇನ್ನು ಅವನ ವಿಷಯ. ಈ ಸಾಲು ಅವನಿಗೆ ಓದಿ ಹೇಳು: ಅಯ್ಯಾ ಡ್ರೈವರ್, ನಾನು ಅಷ್ಟು ಕಷ್ಟಪಟ್ಟು ಬೈದು ಬರೆದದ್ದು ನೀನು ನಗಲಿ ಎಂದಲ್ಲ. ಇನ್ನು ಮೇಲೆ ನಿನಗೆ ಬೈಗುಳ ಅಂಚೆಯಲ್ಲಿ ಬರುವುದಿಲ್ಲ. ಬೇಕಾದರೆ ಬಂದು ಎದುರಿಗೇ ಕೂತು ಕೇಳಿಸಿಕೋ. ಹನ್ನೆರಡು ವರ್ಷದ್ದು ಬಾಕಿ ಇದೆ, ಬೇಗ ಮುಗಿಯುವಂಥದ್ದಲ್ಲ.

ಓದಿದೆಯಾ? ನಕ್ಕನಾ? ಸರಿ.

ಮುಂದಿನ ಕೋಣೆ ಖಾಲಿ ಮಾಡಿದ್ದೇನೆ. ಹೊಲಿಗೆ ಯಂತ್ರ ಅಡುಗೆ ಮನೆಯ ಪಕ್ಕಕ್ಕೆ ಹೋಯಿತು. ಬಾಗಿಲಿನ ಅಗಲ ಟೇಪು ಹಿಡಿದು ಅಳೆದೆ, ಕುರ್ಚಿ ಹಿಡಿಸುತ್ತದೆ. ನನ್ನ ಅಳತೆ ತಪ್ಪುವುದಿಲ್ಲ. ಪಕ್ಕದಲ್ಲಿ ಕಸೆ ಕಟ್ಟುವಂಥ ಪೈಜಾಮ ಎರಡು ಹೊಲಿದಿದ್ದೇನೆ, ಮಲಗಿರುವವನಿಗೆ ತೊಡಿಸಲು ಸುಲಭ. ತೊಂದರೆ ಇರುವುದು ಮೆಟ್ಟಿಲಿನದು. ಕುರ್ಚಿ ಹತ್ತಬೇಕಾದರೆ ಇಳಿಜಾರು ಮಾಡಿಸಬೇಕು. ಗಾರೆ ಕೆಲಸದವನನ್ನು ಕರೆಸಿ ತೋರಿಸಿದೆ. ಎಡಗಡೆ ಬೇಲಿ, ನೇರಕ್ಕೆ ಬಿಟ್ಟರೆ ಬೀದಿಗೆ ಹೋಗುತ್ತದೆ. ಇರುವುದು ಬಲಗಡೆ ಒಂದೇ. ನಿನ್ನ ಹೂವಿನ ಮಡಿ.

"ಗಡ್ಡೆ ತಾನೇ, ನಾಳೆನೇ ಕಿತ್ತು ಹಾಕ್ತೀನಿ, ಭಾನುವಾರದೊಳಗೆ ಕೆಲಸ ಮುಗಿಯುತ್ತೆ" ಅಂದ. ಸನಿಕೆ ಹಿಡಿದುಕೊಂಡೇ ಬಂದಿದ್ದ. "ಮುಟ್ಟಿದ್ರೆ ಕೈ ಮುರೀತೀನಿ" ಅಂದೆ. "ಒಂದು ವರ್ಷ ಉಪವಾಸ ಬಿದ್ದಿವೆ ಅವು. ಎಲೆ ಹಳದಿ ಆಗೋ ತನಕ ಉಣ್ಣಲಿ, ಆಮೇಲೆ ನಾನೇ ಕರೀತೀನಿ" ಅಂದೆ. ನನ್ನ ಮುಖವನ್ನೇ ನೋಡಿಕೊಂಡು ಹೋದ.

ಹಾಗಾಗಿ ಈಗಲೇ ಹೊರಡಬೇಡಿ. ಎಲೆಗಳು ಎಲ್ಲೆಂದರಲ್ಲಿ ಬಿದ್ದುಕೊಂಡಿವೆ. ನೋಡಿದರೆ ಕೈ ತುರಿಸುತ್ತದೆ. ಕತ್ತರಿಯನ್ನು ಕ್ಷೌರಿಕನ ಮನೆಗೆ ಕೊಟ್ಟು ಕಳಿಸಿದ್ದೇನೆ. ಹಳದಿಯಾದ ಮೇಲೆ ಗಡ್ಡೆ ತೆಗೆದು, ಒಣಗಿಸಿ, ಹತ್ತಿ ಬಟ್ಟೆಯ ಚೀಲದಲ್ಲಿ ಕಟ್ಟಿ ನೆರಳಲ್ಲಿ ಇಡುತ್ತೇನೆ. ಚೀಲ ಹೊಲಿದಾಗಿದೆ. ಚಳಿಗೆ ಮುಂಚೆ ನೀನೇ ನೆಡಬೇಕು. ಬೇರೆ ಜಾಗ ಇಲ್ಲ, ಮುಂದಿನ ಕೋಣೆಯ ಕಿಟಕಿಯ ಕೆಳಗೆ ಒಂದಿಷ್ಟು ಮಣ್ಣಿದೆ. ಅವನ ಹಾಸಿಗೆಯಿಂದ ಕಾಣುತ್ತದೆ. ಅವನಿಗೋಸ್ಕರ ಅಂತ ತಿಳಿಯಬೇಡ. ಇಳಿಜಾರೂ ಅಷ್ಟೇ, ನನ್ನ ಮಂಡಿಗೂ ಬೇಕು.

ನಾನು ಅವನ ಹತ್ತಿರ ಸದ್ಯಕ್ಕೆ ಮಾತಾಡುವುದಿಲ್ಲ. ಊಟ ಹಾಕುತ್ತೇನೆ.

ಅಕ್ಕ


ಮೇ 14

ಹಳದಿಯಾಗಿವೆ. ಹೊರಡಿ.